ಇರಿ, ಹೀರೊ ಮಾತಾಡ್ತಿದ್ದಾನೆ

ಮಾಸ್ಟರ್ ಗಂಟಲು ಕಟ್ಟಿಹೋಗಿದೆ ಎಂದು ತಿಳಿದಾಗ ನಮ್ಮ ಹೊಲಿಗೆ ಅಂಗಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಂಗಾಲಾದವಳು ತೋಳಿನಕ್ಕ. ಅವರಿಗೆ ಜ್ವರ ಬಂದು ಮಲಗಿದ್ದರೆ ಅವಳು ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹೊಸ ಸಿನಿಮಾ ಬಿಡುಗಡೆಯಾದ ವಾರ, ಅದೂ ರಜೆಯ ಮರುದಿನ, ಮಾಸ್ಟರ್ ಬಾಯಿಂದ ಬರೀ ಗಾಳಿ ಬರುತ್ತಿದೆ ಎಂದರೆ ಊಟದ ಹೊತ್ತಿಗೆ ಕತೆ ಹೇಳುವವರು ಯಾರು?

ನಮ್ಮಲ್ಲಿ ಊಟದ ಹೊತ್ತೆಂದರೆ ಸಿನಿಮಾದ ಹೊತ್ತು. ಮಹಡಿಯ ಮೇಲಿನ ಉದ್ದನೆಯ ಕೋಣೆ, ಗೋಡೆಯುದ್ದಕ್ಕೂ ಮಷಿನ್‌ಗಳು, ನಡುವೆ ಬಟ್ಟೆ ಕತ್ತರಿಸುವ ದೊಡ್ಡ ಮೇಜು. ಶರ್ಟು ಹೊಲಿಯುವುದು ನಮ್ಮ ನಾಲ್ವರ ಕೆಲಸ. ಒಬ್ಬೊಬ್ಬರದು ಒಂದೊಂದು ಭಾಗವಾದ್ದರಿಂದ ಆ ಭಾಗವೇ ಹೆಸರಾಗಿಬಿಟ್ಟಿದೆ. ತೋಳು ಕೂರಿಸುವವಳು ತೋಳಿನಕ್ಕ. ಕಾಜ ಹೊಲಿದು ಗುಂಡಿ ಹಾಕುವವನು ಗುಂಡಿ. ಮದುವೆಯಾಗಿ ಮಗಳು ಶಾಲೆಗೆ ಹೋಗುತ್ತಿದ್ದರೂ ಗುಂಡಿಯೇ. ನಾನು ಕಾಲರ್. ಬಟ್ಟೆ ಕತ್ತರಿಸುವವರಿಗೆ ಮಾತ್ರ ಮಾಸ್ಟರ್ ಎನ್ನುವ ಮರ್ಯಾದೆ.

ಹೊಸ ಸಿನಿಮಾವನ್ನು ಮೊದಲು ನೋಡುವ ಹಕ್ಕು ಮಾಸ್ಟರ್‌ದು. ಮರುದಿನ ನಾವು ಡಬ್ಬಿ ಬಿಚ್ಚುತ್ತಿದ್ದಂತೆ ಅವರು ಮೇಜಿನ ಮೇಲಿನ ಮರದ ಸ್ಕೇಲು ಎತ್ತಿಕೊಳ್ಳುತ್ತಾರೆ. ಆ ಸ್ಕೇಲೇ ಕತ್ತಿ, ಅದೇ ಬಂದೂಕು, ಅದೇ ಸ್ಟಿಯರಿಂಗು, ಅಗತ್ಯ ಬಿದ್ದರೆ ಅದೇ ಹೀರೊಯಿನ್ನು. ಸ್ಕೇಲು ಹಿಡಿದವರು ಕತೆ ಹೇಳುವಾಗ ಯಾರೂ ಅಡ್ಡಬಾಯಿ ಹಾಕುವಂತಿಲ್ಲ. ಅದನ್ನು ಮೇಜಿಗೆ ಎರಡು ಸಲ ಕುಟ್ಟಿದರೆ ಊಟದ ಹೊತ್ತು ಮುಗಿದಂತೆ. ಬಾಯಲ್ಲಿ ತುತ್ತಿದ್ದರೂ ಎದ್ದು ಮಷಿನ್ ಮುಂದೆ ಕೂರಬೇಕು. ಕತೆ ಮೊದಲೇ ಗೊತ್ತಾದರೆ ಮಜಾ ಹೋಗುವುದಿಲ್ಲವೇ ಎಂದು ಹೊರಗಿನವರು ಕೇಳುತ್ತಾರೆ. ಮಾಸ್ಟರ್ ಹೇಳಿದ್ದು ಒಂದು ಸಿನಿಮಾ, ಪರದೆಯ ಮೇಲಿನದು ಇನ್ನೊಂದು. ನಮಗೆ ಎರಡೂ ಬೇಕು.

ಆಮೇಲೆ ನಾವೂ ಹೋಗಿ ನೋಡಿಕೊಂಡು ಬಂದು ಜಗಳಕ್ಕೆ ಕೂರುತ್ತೇವೆ. ಹೋದ ತಿಂಗಳ ದೆವ್ವದ ಸಿನಿಮಾ ತೋಳಿನಕ್ಕನಿಗೆ ಹಿಡಿಸಲೇ ಇಲ್ಲ. ಕೆರೆಯಲ್ಲಿ ಮುಳುಗಿ ಸತ್ತ ದೆವ್ವ, ಅದರ ಅಂಗಿಯ ತೋಳು ಈಗಷ್ಟೇ ಇಸ್ತ್ರಿ ಮಾಡಿದ ಹಾಗಿತ್ತಂತೆ. ಅಂಥ ದೆವ್ವಕ್ಕೆ ಹೆದರುವುದು ಹೇಗೆ ಎಂದು ಅವಳ ಪ್ರಶ್ನೆ. ಹೊಡೆದಾಟದ ಸಿನಿಮಾವನ್ನು ಗುಂಡಿ ಮತ್ತೆ ಮತ್ತೆ ನೋಡಿದ; ಹೀರೊ ಎದೆಯುಬ್ಬಿಸಿದಾಗ ಚಿಮ್ಮಿದ ಗುಂಡಿಗಳು ಆ ಅಂಗಿಯವೇ ಅಲ್ಲ ಎಂದು ಆಣೆ ಇಟ್ಟು ಹೇಳಿದ. ನನ್ನ ಕಣ್ಣು ಕಾಲರ್ ಮೇಲೆ. ಹೀರೊ ಬಾಗಿಲು ದಾಟುವ ಮುಂಚೆ ಒಂದು ಕಾಲರ್, ದಾಟಿದ ಮೇಲೆ ಇನ್ನೊಂದು ಇದ್ದರೆ ತಕ್ಷಣ ಗೊತ್ತಾಗುತ್ತದೆ. ಗೊತ್ತಾದದ್ದನ್ನು ಬಾಯಿಬಿಟ್ಟು ಹೇಳಹೊರಟಾಗಲೇ ತಾಪತ್ರಯ.

ನಾನು ಉಗ್ಗುತ್ತೇನೆ. ಚಿಕ್ಕಂದಿನಿಂದಲೂ ಇದೆ. ಅದರ ಜೊತೆಗಿನ ನನ್ನ ಜಗಳ ಎಂದೋ ಮುಗಿದಿದೆ. ಉಳಿದಿರುವುದು ನನ್ನ ಮಾತನ್ನು ಮುಗಿಸಿಕೊಡುವವರ ಜೊತೆಗಿನ ಜಗಳ. ನಮ್ಮ ಅಂಗಡಿಯವರೆಲ್ಲ ಬಂಗಾರದಂಥ ಜನ, ಅದೇ ತೊಂದರೆ. ನಾನು ಮೊದಲಕ್ಷರದಲ್ಲಿ ಸಿಕ್ಕಿಕೊಂಡೆನೋ ಇಲ್ಲವೋ, ಪಾಪ ಎಂದುಕೊಂಡು ಉಳಿದದ್ದನ್ನು ತಾವೇ ಹೊಲಿದು ಕೈಗೆ ಕೊಡುತ್ತಾರೆ. ಕೆಲಸಕ್ಕೆ ಸೇರಿದ ದಿನ ತೋಳಿನಕ್ಕ ಫ್ಲಾಸ್ಕ್ ಹಿಡಿದು ಬಂದಾಗ ನಾನು ಚಹಾ ಬೇಡ ಎನ್ನಲು ಹೊರಟಿದ್ದೆ. ‘ಚ’ ಎಂದು ನಿಂತೆ. ಚಹಾ ತಾನೆ, ಅದಕ್ಯಾಕೆ ಇಷ್ಟು ಸಂಕೋಚ ಎಂದು ಅವಳು ಲೋಟ ತುಂಬಿಸಿಯೇ ಬಿಟ್ಟಳು. ಚಹಾದ ವಾಸನೆಗೇ ನನಗೆ ಹೊಟ್ಟೆ ತೊಳೆಸುತ್ತದೆ. ಅಂದಿನಿಂದ ಇಂದಿನವರೆಗೆ, ವರ್ಷಗಟ್ಟಲೆ, ಎರಡೂ ಹೊತ್ತು ಕುಡಿಯುತ್ತಿದ್ದೇನೆ. ಬೇಡ ಎನ್ನುವಷ್ಟು ಹೊತ್ತು ನನ್ನನ್ನು ಯಾರೂ ಬಿಟ್ಟೇ ಇಲ್ಲ.

ಇಂಥ ನನಗೆ ಈ ವಾರದ ಸಿನಿಮಾದಲ್ಲಿ ಹೀರೊಗೇ ಉಗ್ಗು ಎಂದು ಟ್ರೇಲರ್ ನೋಡಿ ತಿಳಿದಾಗ ಹೇಗಾಗಿರಬೇಡ. ಇಷ್ಟು ವರ್ಷ ಸಿನಿಮಾಗಳಲ್ಲಿ ಉಗ್ಗುವುದು ಕಾಮಿಡಿಯವನ ಕೆಲಸವಾಗಿತ್ತು. ಅವನು ಒಂದು ಮಾತಿಗೆ ಒದ್ದಾಡಬೇಕು, ಯಾರಾದರೂ ತಲೆಗೆ ಒಂದು ತಟ್ಟಬೇಕು, ಮಾತು ಹೊರಬೀಳಬೇಕು, ಥಿಯೇಟರ್ ಬಿದ್ದು ಬಿದ್ದು ನಗಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಂದು ಸಿನಿಮಾ ಬಿಟ್ಟವಳಲ್ಲ. ಆ ಹುಚ್ಚು ಉರಿಗಿಂತ ದೊಡ್ಡದು. ಈ ಸಲ ಮಾಸ್ಟರ್ ಹೇಳುವವರೆಗೆ ಕಾಯಲು ಆಗಲಿಲ್ಲ. ರಜೆಯ ದಿನ ಬೆಳಗಿನ ಆಟಕ್ಕೇ ಹೋಗಿ ಕೂತೆ.

ಮುಂದಿನ ಸಾಲಿನಲ್ಲಿ ಮಾಸ್ಟರ್ ಇದ್ದರು. ಹೀರೊ ಮುಖ ತೋರಿಸಿದ್ದೇ ತಡ, ಅವರು ಸೀಟಿನ ಮೇಲೆ ನಿಂತು ಕೂಗಿದ ಕೂಗಿಗೆ ನಾನೇ ನಾಚಿಕೊಂಡೆ. ಗಂಟಲು ಹೋದದ್ದು ಅಲ್ಲೇ. ಆದರೆ ಕ್ಲೈಮ್ಯಾಕ್ಸಿನಲ್ಲಿ ಅದೇ ಮಾಸ್ಟರ್ ಉಸಿರು ಬಿಗಿಹಿಡಿದು ಕೂತಿದ್ದನ್ನೂ ನೋಡಿದೆ. ಇಡೀ ಥಿಯೇಟರ್ ಹಾಗೆಯೇ ಕೂತಿತ್ತು. ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸು ಹತ್ತುವುದನ್ನೂ ಮರೆತು ಮನೆಯವರೆಗೆ ಒಬ್ಬಳೇ ತುಟಿ ಅಲ್ಲಾಡಿಸುತ್ತಾ ನಡೆದುಬಂದೆ.

ಮನೆಯಲ್ಲಿ ಗಂಡನಿಗೆ ಹೇಳಲು ಶುರು ಮಾಡಿದೆ. ನನ್ನ ಮಾತು ಮುಗಿಯುವವರೆಗೆ ಕಾಯುವ ಮನುಷ್ಯ ಪ್ರಪಂಚದಲ್ಲಿ ಅವನೊಬ್ಬನೇ. ಆದರೆ ಕಾಯುತ್ತಾ ಕಾಯುತ್ತಾ ನಿದ್ದೆ ಹೋಗುತ್ತಾನೆ. ಅಂದೂ ಇಂಟರ್‌ವಲ್‌ಗೆ ಮುಂಚೆಯೇ ಗೊರಕೆ. ಕ್ಲೈಮ್ಯಾಕ್ಸ್ ನನ್ನೊಳಗೇ ಉಳಿಯಿತು. ಅದನ್ನು ನನ್ನ ಬಾಯಿಂದ, ಪೂರ್ತಿಯಾಗಿ, ಸಿನಿಮಾ ಎಂದರೆ ಪ್ರಾಣ ಬಿಡುವ ಯಾರಿಗಾದರೂ ಹೇಳಲೇಬೇಕಿತ್ತು. ಇಲ್ಲದಿದ್ದರೆ ತಲೆ ಸಿಡಿದುಹೋಗುತ್ತಿತ್ತು.

ಮರುದಿನ ಮಾಸ್ಟರ್ ಕತ್ತಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಡಾಕ್ಟರು ಪಿಸುಮಾತು ಕೂಡ ಬೇಡ ಎಂದಿದ್ದಾರೆಂದು ಕೈಸನ್ನೆಯಲ್ಲೇ ತಿಳಿಸಿದರು. ಊಟದ ಹೊತ್ತಿಗೆ ಅಂಗಡಿಯಲ್ಲಿ ಸೂತಕದ ಕಳೆ. ಮಾಸ್ಟರ್ ನಮ್ಮೆಲ್ಲರ ಮುಖ ನೋಡಿದರು, ಸ್ಕೇಲು ಎತ್ತಿಕೊಂಡರು, ನೇರವಾಗಿ ನನ್ನ ಹತ್ತಿರ ಬಂದು ಕೈಯಲ್ಲಿಟ್ಟರು. ಅವರೂ ನನ್ನನ್ನು ಥಿಯೇಟರಿನಲ್ಲಿ ನೋಡಿದ್ದರು.

“ಇವಳಾ?” ಎಂದಳು ತೋಳಿನಕ್ಕ. ಕೂಡಲೇ ತನ್ನ ಮಾತಿಗೆ ತಾನೇ ನಾಲಿಗೆ ಕಚ್ಚಿಕೊಂಡು, “ಹೇಳು ಹೇಳು, ನಾವಿದ್ದೀವಲ್ಲ, ಸೇರಿಸ್ಕೊಂಡು ಹೋಗ್ತೀವಿ” ಎಂದು ಧೈರ್ಯ ತುಂಬಿದಳು.

ಅಡ್ಡಬಾಯಿ ಹಾಕಬಾರದೆಂಬ ಕಟ್ಟಳೆ ಅವರಿಗೆ ನೆನಪಿತ್ತು. ಆದರೆ ನನಗೆ ಸಹಾಯ ಮಾಡುವುದು ಅಡ್ಡಬಾಯಿಯಲ್ಲವಲ್ಲ. ಹೀರೊ ಬಸ್ ನಿಲ್ದಾಣದಲ್ಲಿ ಧ್ವನಿವರ್ಧಕ ರಿಪೇರಿ ಮಾಡುವವನು ಎಂದು ಹೇಳಬೇಕಿತ್ತು. ನಾನು ‘ಬ’ದಲ್ಲಿ ನಿಂತೆ. ಬೈಕಿನಲ್ಲಿ ಎಂಟ್ರಿ ಎಂದು ಗುಂಡಿ ಕುಣಿದ. ಅವನ ಅಪ್ಪ ಅದೇ ನಿಲ್ದಾಣದಲ್ಲಿ ಬಸ್ಸುಗಳ ಸಮಯ ಕೂಗುತ್ತಿದ್ದವರು, ಊರಿಗೆಲ್ಲ ಪರಿಚಿತ ಕಂಠ, ಈಗ ನಿವೃತ್ತರಾಗಿ ಹಿಂದಿನ ಬೀದಿಯ ಮನೆಯಲ್ಲಿ ರೇಡಿಯೊ ಕೇಳುತ್ತಾ ಕೂತಿರುತ್ತಾರೆ. ‘ಅಪ್ಪ’ ಎನ್ನುವಷ್ಟರಲ್ಲಿ ತೋಳಿನಕ್ಕ ಅಪ್ಪನನ್ನು ಕೊಲ್ಲಿಸಿಬಿಟ್ಟಳು. ಕೊಂದವನು ಯಾರೆಂದು ಗುಂಡಿಗೆ ಆಗಲೇ ಗೊತ್ತಿತ್ತು.

ಮಾಸ್ಟರ್ ಎರಡೂ ಕೈ ಬೀಸಿ ಹಿಂದಕ್ಕೆ ಹೋಗಿ ಎಂದು ಬೆರಳು ತಿರುಗಿಸಿದರು. ಫ್ಲ್ಯಾಶ್‌ಬ್ಯಾಕ್ ಎಂದು ಗುಂಡಿ ಚಪ್ಪಾಳೆ ತಟ್ಟಿದ. ಹೀರೊ ತೊಟ್ಟದ್ದು ಅಪ್ಪನ ಹಳೆಯ ಶರ್ಟು, ಸವೆದ ಕಾಲರ್ ಬಿಚ್ಚಿ ತಿರುವಿ ಹೊಲಿದದ್ದು. ಆ ಸೂಕ್ಷ್ಮವನ್ನು ಗಮನಿಸಿದ್ದು ಇಡೀ ಥಿಯೇಟರಿನಲ್ಲಿ ನಾನು, ಮಾಸ್ಟರ್ ಇಬ್ಬರೇ ಇರಬೇಕು. ನಾನು ‘ಕಾ’ ಎಂದು ಸಿಕ್ಕಿಕೊಂಡಾಗ ಮಾಸ್ಟರ್ ಸಹಾಯಕ್ಕೆಂದು ತಮ್ಮ ಕಾಲರ್ ಹಿಡಿದು ಮೇಲೆತ್ತಿ ತೋರಿಸಿದರು. “ಅಯ್ಯೋ, ನೇಣು ಹಾಕ್ಕೊಂಡ್ನಾ?” ಎಂದು ತೋಳಿನಕ್ಕ ಎದೆ ಹಿಡಿದುಕೊಂಡಳು.

ಸಿನಿಮಾ ಹುಚ್ಚರ ಪಾಡೇ ಇದು. ನೋಡಿದ ಸಿನಿಮಾಗಳೆಲ್ಲ ತಲೆಯಲ್ಲಿ ತುಂಬಿಕೊಂಡಿರುತ್ತವೆ, ಒಂದು ಅಕ್ಷರ ಕೊಟ್ಟರೆ ಇಡೀ ರೀಲು ಓಡಿಸುತ್ತಾರೆ. ಇಂಟರ್‌ವಲ್ ಬರುವಷ್ಟರಲ್ಲಿ ಕತೆಯಲ್ಲಿ ಒಬ್ಬ ಖಳನಾಯಕ, ಒಬ್ಬ ಅವಳಿ ತಮ್ಮ, ಬಸ್ಸಿನ ಸೀಟಿನಡಿ ಒಂದು ಬಾಂಬು, ಎಲ್ಲ ಸೇರಿಕೊಂಡಿದ್ದವು. ನಿಜವಾದ ಇಂಟರ್‌ವಲ್‌ನಲ್ಲಿ ಹೀರೊ ಟಿಕೆಟ್ ಕೌಂಟರಿನ ಹುಡುಗಿಗೆ ತನ್ನ ಮನಸ್ಸು ಹೇಳಿಕೊಳ್ಳಲು ಒಬ್ಬನೇ ಅಭ್ಯಾಸ ಮಾಡುತ್ತಿರುತ್ತಾನೆ, ಮೈಕ್ ಆನ್ ಆಗಿರುತ್ತದೆ, ಅವನ ಉಗ್ಗು ಇಡೀ ನಿಲ್ದಾಣಕ್ಕೆ ಕೇಳಿ ಜನ ನಗುತ್ತಾರೆ. ನಮ್ಮ ಅಂಗಡಿಯ ಇಂಟರ್‌ವಲ್‌ನಲ್ಲಿ ಬಾಂಬು ಟಿಕ್ ಟಿಕ್ ಎನ್ನುತ್ತಿತ್ತು. ತೋಳಿನಕ್ಕ, ಗುಂಡಿ ಇಬ್ಬರ ಮುಖದಲ್ಲೂ ಎಂಥ ಖುಷಿ. ಇಂಥ ಸಿನಿಮಾ ಬಂದೇ ಇಲ್ಲ ಎನ್ನುತ್ತಿದ್ದರು. ಬಂದೇ ಇಲ್ಲ ಎನ್ನುವುದು ನಿಜವೂ ಆಗಿತ್ತು. ಮಾಸ್ಟರ್ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಚಹಾ ಕುಡಿದ ಹಾಗೆ ಎಲ್ಲಕ್ಕೂ ತಲೆಯಾಡಿಸುತ್ತಾ ಬಂದೆ. ಕ್ಲೈಮ್ಯಾಕ್ಸ್ ಒಂದು ನನಗೆ ಬಿಟ್ಟರೆ ಸಾಕೆಂದುಕೊಂಡಿದ್ದೆ.

ಅದನ್ನೂ ಬಿಡಲಿಲ್ಲ. ನಾನು ಸ್ಕೇಲನ್ನು ಮೈಕಿನಂತೆ ಹಿಡಿದು ಉಸಿರು ಎಳೆದುಕೊಳ್ಳುವಷ್ಟರಲ್ಲಿ ತೋಳಿನಕ್ಕ ನನ್ನ ಮೊಣಕೈ ಮುಟ್ಟಿದಳು. ಅವಳ ಕಣ್ಣಲ್ಲಿ ನೀರಿತ್ತು.

“ಗೊತ್ತಾಯ್ತು ಬಿಡು. ಬಸ್ಸು ನಿಲ್ಸಿ ಅಂತ ಕೂಗ್ತಾನೆ, ಕೂಗಿದ ತಕ್ಷಣ ಉಗ್ಗು ಹೊರಟೋಗುತ್ತೆ, ಅಲ್ವಾ? ನಿಂಗೂ ಒಂದಿನ ಹಾಗೇ ಹೋಗುತ್ತೆ ಕಣೇ. ನೋಡ್ತಿರು.”

ಅವಳಿಗೆ ನನ್ನ ಮೇಲೆ ಎಷ್ಟು ಅಕ್ಕರೆ ಎಂದು ನನಗೆ ಗೊತ್ತು. ಗೊತ್ತಿದ್ದೂ ಕೋಪ ನೆತ್ತಿಗೇರಿತು. ನಾನು ಬಂಗಾರದಂತೆ ಜೋಪಾನ ಮಾಡಿ ತಂದದ್ದನ್ನು ಅವಳು ಒಂದೇ ಮಾತಿನಲ್ಲಿ ತಲೆಕೆಳಗು ಮಾಡಿದ್ದಳು. ಬಾಯಿಂದ ಏನೂ ಬರಲಿಲ್ಲ. ಕೈ ಮಾತ್ರ ಮೇಲೆದ್ದು ಸ್ಕೇಲನ್ನು ಮೇಜಿಗೆ ಬಾರಿಸಿತು. ಒಂದು ಸಲ, ಇನ್ನೊಂದು ಸಲ.

ಎರಡು ಸಲ ಕುಟ್ಟಿದರೆ ಏನೆಂದು ನಿಮಗೆ ಆಗಲೇ ಹೇಳಿದ್ದೇನೆ. ತೋಳಿನಕ್ಕ ಕಣ್ಣೊರೆಸಿಕೊಂಡು ಡಬ್ಬಿ ಮುಚ್ಚಿ ಎದ್ದಳು. ಗುಂಡಿ ಬಾಯಿ ಒರೆಸಿಕೊಳ್ಳುತ್ತಾ ಹೋಗಿ ಕೂತು ಪೆಡಲ್ ಒತ್ತಿದ. ಯಾರೂ ಯೋಚಿಸಲಿಲ್ಲ, ಅಭ್ಯಾಸ ಹಾಗಿದೆ. ಎರಡು ಮಷಿನ್‌ಗಳೂ ಒಟ್ಟಿಗೆ ಗರಗರ ಎಂದವು. ನನ್ನ ಕತೆಯನ್ನು ನಾನೇ ನನ್ನ ಕೈಯಾರೆ ಮುಗಿಸಿಬಿಟ್ಟಿದ್ದೆ. ಸ್ಕೇಲು ಹಿಡಿದು ಮೇಜಿನ ಪಕ್ಕ ಪೆಚ್ಚಾಗಿ ನಿಂತೆ. ಆ ಗದ್ದಲದಲ್ಲಿ ನಾನು ಇಲ್ಲ ಎಂದದ್ದು ನನಗೇ ಕೇಳಿಸಲಿಲ್ಲ.

ಮಾಸ್ಟರ್ ಎದ್ದರು. ಬಾಗಿಲ ಪಕ್ಕ ಗೋಡೆಯಲ್ಲಿರುವ ಮೇನ್ ಸ್ವಿಚ್ ಹತ್ತಿರ ಹೋಗಿ ಅದನ್ನು ಕೆಳಗೆಳೆದರು. ಮಷಿನ್‌ಗಳು ನಿಂತವು. ದೀಪ ಆರಿತು, ಫ್ಯಾನ್ ಸುತ್ತು ಸುತ್ತುತ್ತಾ ನಿಧಾನವಾಗಿ ನಿಂತಿತು. ಕಿಟಕಿಯಿಂದ ಬೀಳುವ ಬೆಳಕಿನಲ್ಲಿ ನಾವು ನಾಲ್ವರೇ. ಮಾಸ್ಟರ್ ವಾಪಸು ಬಂದು ತಮ್ಮ ಸ್ಟೂಲಿನ ಮೇಲೆ ಕೂತು ಕೈಕಟ್ಟಿಕೊಂಡು ನನ್ನ ಕಡೆ ನೋಡಿದರು. ಗುಂಡಿಯೂ ತೋಳಿನಕ್ಕನೂ ಏನೂ ಅರ್ಥವಾಗದೆ ಬಂದು ಕೂತರು.

ಶುರು ಮಾಡಿದೆ. ಆ ರಾತ್ರಿ ದೊಡ್ಡ ರಸ್ತೆ ಮುಚ್ಚಿರುತ್ತದೆ, ಎಲ್ಲ ಬಸ್ಸುಗಳ ಜಾಗವೂ ಬದಲಾಗಿರುತ್ತದೆ, ಕೂಗಬೇಕಾದವನು ಬಂದಿರುವುದಿಲ್ಲ. ಮಕ್ಕಳು ಮರಿ ಕಟ್ಟಿಕೊಂಡು ಜನ ದಿಕ್ಕೆಟ್ಟು ಓಡಾಡುತ್ತಿರುತ್ತಾರೆ. ರಿಪೇರಿಗೆಂದು ಬಂದ ಹೀರೊ ಮೈಕಿನ ಮುಂದೆ ಕೂರುತ್ತಾನೆ. ಇಷ್ಟು ಹೇಳುವುದಕ್ಕೇ ನನಗೆ ಬಹಳ ಹೊತ್ತು ಹಿಡಿಯಿತು. ಗುಂಡಿಯ ತುಟಿ ಎರಡು ಮೂರು ಸಲ ಅಲ್ಲಾಡಿತು, ಮಾಸ್ಟರ್ ಕಣ್ಣು ಬಿಟ್ಟು ಹೆದರಿಸಿದರು.

ಸ್ಕೇಲನ್ನು ಬಾಯಿಯ ಹತ್ತಿರ ತಂದೆ. ಹೀರೊನ ಮಾತು. “ಪ್ರ...” ಎಂದೆ. “ಪ್ರ... ಪ್ರ...” ಮುಂದಕ್ಕೆ ಹೋಗಲಿಲ್ಲ.

ತೋಳಿನಕ್ಕ ಬಾಯಿ ತೆರೆದಳು. ಪಕ್ಕದಿಂದ ಗುಂಡಿ ಅವಳ ಮಂಡಿ ಒತ್ತಿ ಹಿಡಿದ.

“ಇರಕ್ಕಾ. ಹೀರೊ ಮಾತಾಡ್ತಿದ್ದಾನೆ.”

ತೋಳಿನಕ್ಕ ಬಾಯಿ ಮುಚ್ಚಿದಳು. ನನ್ನ ಮುಖವನ್ನೇ ನೋಡುತ್ತಾ ಕೂತಳು. ಸಿಕ್ಕಿಕೊಂಡಿರುವುದು ನಾನೋ ಹೀರೊನೋ ಎಂದು ಅವಳಿಗೆ ತಿಳಿಯುತ್ತಿಲ್ಲ ಎನ್ನುವುದು ನನಗೆ ಹೊಳೆಯಿತು. ನನಗೂ ತಿಳಿಯುತ್ತಿರಲಿಲ್ಲ. ನನ್ನ ಮಾತಿಗೆ ಕೈ ಹಾಕಬಹುದು, ಹೀರೊನ ಮಾತಿಗೆ ಕೈ ಹಾಕುವುದುಂಟೇ? ಅದು ಪಾಪದ ಕೆಲಸ. ಹೊಟ್ಟೆಯೊಳಗಿನಿಂದ ಒಂದು ಖುಷಿ ಎದ್ದು ಬಂತು, ತಡೆಯಲಾಗದಂಥದ್ದು. ಅವಸರ ಮಾಡಲಿಲ್ಲ. “ಪ್ರಯಾಣಿಕರ ಗಮನಕ್ಕೆ” ಎನ್ನುವುದನ್ನು ಅವನು ತೆಗೆದುಕೊಂಡಷ್ಟೇ ಹೊತ್ತು ತೆಗೆದುಕೊಂಡು ಹೇಳಿದೆ. ಒಂದೊಂದಾಗಿ ಎಲ್ಲ ಬಸ್ಸುಗಳನ್ನೂ ಕೂಗಿದೆ. ಎರಡು ಕಡೆ ಮಾತು ಸಲೀಸಾಗಿ ಬಂದುಬಿಟ್ಟಿತು; ಹೀರೊಗೆ ಅನ್ಯಾಯವಾಗಬಾರದೆಂದು ನಾನೇ ಸ್ವಲ್ಪ ತಡೆದೆ.

ಆ ದೃಶ್ಯದಲ್ಲಿ ಮ್ಯೂಸಿಕ್ಕೇ ಇಲ್ಲ ಎಂದು ಹೇಳಿದೆ. ಮೊದಲು ಯಾರೋ ಒಬ್ಬ ನಗುತ್ತಾನೆ. ಆಮೇಲೆ ಒಬ್ಬ ಡ್ರೈವರ್ ಏನು ಹೇಳುತ್ತಿದ್ದಾನೆಂದು ಕೇಳಿಸಿಕೊಳ್ಳಲು ಇಂಜಿನ್ ಆಫ್ ಮಾಡುತ್ತಾನೆ. ಅವನನ್ನು ನೋಡಿ ಪಕ್ಕದವನು, ಅವನ ಪಕ್ಕದವನು. ಕೊನೆಗೆ ನಿಲ್ದಾಣದ ಒಂದು ಬಸ್ಸೂ ಸದ್ದು ಮಾಡುವುದಿಲ್ಲ. ಇದನ್ನು ಹೇಳುವಾಗ ಗುಂಡಿ ತಿರುಗಿ ಗೋಡೆಯ ಸ್ವಿಚ್ಚನ್ನು ನೋಡಿದ, ಆಮೇಲೆ ಮಾಸ್ಟರನ್ನು ನೋಡಿದ. ಮಾಸ್ಟರ್ ನೆಲ ನೋಡುತ್ತಿದ್ದರು.

ಹಿಂದಿನ ಬೀದಿಯ ಮನೆಯಲ್ಲಿ ಅಪ್ಪ ಎದ್ದು ರೇಡಿಯೊ ಆರಿಸುತ್ತಾರೆ ಎಂದೆ. ಅಪ್ಪ ಬದುಕಿದ್ದಾರಾ ಎಂದು ತೋಳಿನಕ್ಕನ ಕಣ್ಣು ಅರಳಿತು, ಆದರೆ ಅವಳು ಬಾಯಿಬಿಟ್ಟು ಕೇಳಲಿಲ್ಲ. ಕೊನೆಯ ಶಾಟ್. ಎಲ್ಲ ಮುಗಿಸಿ ಹೀರೊ ಬೆವರೊರೆಸಿಕೊಳ್ಳುತ್ತಿರುತ್ತಾನೆ. ಗಂಟು ಹೊತ್ತ ಒಬ್ಬ ಅಜ್ಜಿ ಕಿಟಕಿಗೆ ಬಂದು ನಿಲ್ಲುತ್ತಾಳೆ. ಶಭಾಷ್ ಎನ್ನುವುದಿಲ್ಲ, ಅಳುವುದಿಲ್ಲ.

“‘ನನ್ ಬಸ್ಸು ಎಲ್ಲಿ ನಿಲ್ಲುತ್ತೆ ಅಂದಪ್ಪಾ? ಇನ್ನೊಂದ್ಸಲ ಹೇಳು’ ಅಂತಾಳೆ. ಅವನು ಇ... ಇನ್ನೊಂದ್ಸಲ ಹೇಳ್ತಾನೆ. ಅಷ್ಟೇ. ಮುಗೀತು.”

ಸ್ಕೇಲನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟೆ, ಸದ್ದಾಗದ ಹಾಗೆ. ಜೀವಮಾನದಲ್ಲೇ ಇಷ್ಟು ಉದ್ದದ ಮಾತನ್ನು ನಾನು ಯಾರ ಎದುರಿಗೂ ಮುಗಿಸಿರಲಿಲ್ಲ.

“ಹಾಗಾದ್ರೆ ಉಗ್ಗು ಹೋಗ್ಲೇ ಇಲ್ವಾ?” ಎಂದಳು ತೋಳಿನಕ್ಕ.

“ಇಲ್ಲ.”

ಅವಳು ಅದನ್ನು ಮನಸ್ಸಿನಲ್ಲೇ ಮಡಿಸಿ ಬಿಡಿಸಿ ನೋಡಿದಳು. ಗುಂಡಿಗೆ ಬೇರೆಯೇ ಚಿಂತೆ ಹತ್ತಿತ್ತು. ಆ ಬಾಂಬು ಏನಾಯಿತು ಎಂದು ಕೇಳಿದ. ಬಾಂಬೇ ಇರಲಿಲ್ಲ ಎಂದೆ. ಅವಳಿ ತಮ್ಮ? ಅವನೂ ಇರಲಿಲ್ಲ. ನೇಣು? ಮಾಸ್ಟರ್ ತಮ್ಮ ಕಾಲರನ್ನು ಮತ್ತೆ ಎತ್ತಿ, ಈ ಸಲ ನಿಧಾನವಾಗಿ, ತಿರುವಿ ತೋರಿಸಿದರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ಹೊತ್ತಿಕೊಂಡದ್ದು ಆಗ. ತೋಳಿನಕ್ಕ ನಗುತ್ತಾ ಸ್ಟೂಲಿನಿಂದ ಜಾರಿದಳು. ಮೊದಲಿನಿಂದ ಇನ್ನೊಂದು ಸಲ ಹೇಳಬೇಕು, ನಾಳೆಯೇ ಹೇಳಬೇಕು, ಇವತ್ತು ತಾವು ನೋಡಿದ್ದು ಯಾವುದೋ ಬೇರೆ ಸಿನಿಮಾ ಎಂದು ಇಬ್ಬರೂ ಪಟ್ಟು ಹಿಡಿದರು.

ಮಾಸ್ಟರ್ ಸ್ವಿಚ್ ಹಾಕಿದರು. ಫ್ಯಾನ್ ತಿರುಗತೊಡಗಿತು. ತೋಳಿನಕ್ಕ ಫ್ಲಾಸ್ಕಿನ ಮುಚ್ಚಳ ತಿರುವಿ, ಇಷ್ಟು ಮಾತಾಡಿದ ಗಂಟಲಿಗೆ ಬಿಸಿ ಬೇಕೇ ಬೇಕು ಎನ್ನುತ್ತಾ ನನ್ನ ಲೋಟ ಎಳೆದುಕೊಂಡಳು. ಆ ವಾಸನೆ ಮೂಗಿಗೆ ಬಡಿಯಿತು.

“ಚ...” ಎಂದೆ.

ಫ್ಲಾಸ್ಕ್ ವಾಲಿದ್ದು ವಾಲಿದಂತೆಯೇ ನಿಂತಿತು. ಎಷ್ಟೋ ವರ್ಷಗಳಿಂದ ಆ ಒಂದಕ್ಷರಕ್ಕೆ ಲೋಟ ತುಂಬಿಸಿದ ಕೈ. ಅವಳು ತುಟಿ ಬಿಗಿಹಿಡಿದುಕೊಂಡು ಕಾದಳು. ಗುಂಡಿ ಕಾದ. ಮಾಸ್ಟರ್ ಕಾದರು.

“ಚ... ಚಹಾ ನಂಗೆ ಬೇಡಕ್ಕ. ನಂಗೆ ಅದು ಸೇರಲ್ಲ.”

“ಇವತ್ತು ಬೇಡ್ವಾ?”

“ಮೊ... ಮೊದಲನೇ ದಿನಾನೂ ಬೇಡ ಅಂತಾನೇ ಹೇಳೋಕೆ ಹೊರಟಿದ್ದೆ.”

ಮಾಸ್ಟರ್ ಗಂಟಲಿನಿಂದ ಆ ದಿನದ ಮೊದಲ ಸದ್ದು ಬಂತು, ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ನಗು. ಗುಂಡಿ ಮೇಜಿನ ಮೇಲೆ ತಲೆ ಇಟ್ಟುಬಿಟ್ಟ. ತೋಳಿನಕ್ಕ ಮಾತ್ರ ನಗಲಿಲ್ಲ. ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು, ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿ ಹಾಕಿದಳು.

“ಮತ್ತೆ ನಿಂಗೆ ಏನು ಇಷ್ಟ?” ಎಂದು ಕೇಳಿ, ಸ್ಟೂಲು ಎಳೆದುಕೊಂಡು ನನ್ನ ಎದುರಿಗೆ ಕೂತಳು.